ಹಳೆ ಕಾರಿನ ಬ್ರೇಕ್ ಸುಧಾರಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ಕಾರು ಓಡಿಸುವವರ ಜೊತೆ ಮಾತಿಗೆ ಕೂತರೆ ಬ್ರೇಕ್ ವಿಷಯ ಬಂದೇ ಬರುತ್ತದೆ. ಕೇಳುವ ಪ್ರಶ್ನೆಗಳೂ ಹೆಚ್ಚು ಕಡಿಮೆ ಅವೇ. ಅವನ್ನೆಲ್ಲ ಕೇಳಿದವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಸುಲಭದ್ದು ಮೊದಲು, ತಲೆಕೆಡಿಸುವಂಥದ್ದು ಆಮೇಲೆ. ಹಳೆ ಕಾರು ಅಂದರೆ ಇಲ್ಲಿ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ನೋಡುವ ವ್ಯವಸ್ಥೆ) ಇಲ್ಲದ, ನಾಲ್ಕೂ ಕಡೆ ಡ್ರಮ್ ಅಥವಾ ಮುಂದೆ ಮಾತ್ರ ಸಣ್ಣ ಡಿಸ್ಕ್ ಇರುವ ಕಾರು. ಡ್ರಮ್ ಅಂದರೆ ಚಕ್ರದ ಜೊತೆ ತಿರುಗುವ ಡಬ್ಬಿ, ಲೈನಿಂಗ್ ಅಂಟಿಸಿದ ಶೂಗಳು ಅದನ್ನು ಒಳಗಿನಿಂದ ಒತ್ತುತ್ತವೆ. ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ತಟ್ಟೆ, ಕ್ಯಾಲಿಪರ್ ಅದನ್ನು ಎರಡೂ ಕಡೆಯಿಂದ ಪ್ಯಾಡ್‌ಗಳಲ್ಲಿ ಹಿಡಿಯುತ್ತದೆ. ನಿಮ್ಮ ಕಾರಿನ ವರ್ಕ್‌ಶಾಪ್ ಮ್ಯಾನ್ಯುಯಲ್ ಕೊಡುವ ಅಳತೆಗೂ ಇಲ್ಲಿ ಬರೆದಿದ್ದಕ್ಕೂ ವ್ಯತ್ಯಾಸ ಬಂದರೆ ಮ್ಯಾನ್ಯುಯಲ್ ಮಾತೇ ಕೇಳಿ.

## ಕೈ ಹಾಕುವ ಮೊದಲು

ಹೊಸ ಕಾರು ಓಡಿಸಿ ಬಂದು ನನ್ನ ಹಳೆ ಕಾರು ಹತ್ತಿದ್ರೆ ಬ್ರೇಕೇ ಇಲ್ಲ ಅನ್ಸುತ್ತೆ. ಡಿಸ್ಕ್ ಹಾಕಿಸ್ಲಾ?

ಸ್ವಲ್ಪ ತಡೆಯಿರಿ. ಕಾರ್ಖಾನೆಯಿಂದ ಹೊರಬಂದಾಗ ಆ ಬ್ರೇಕ್ ಹೇಗಿತ್ತೋ ಈಗಲೂ ಹಾಗೇ ಇದೆಯಾ ಅಂತ ಮೊದಲು ನೋಡಬೇಕು. ಬಹುಪಾಲು ಹಳೆ ಕಾರುಗಳಲ್ಲಿ ಇರುವುದಿಲ್ಲ. ಶೂ ತಳ್ಳುವ ವೀಲ್ ಸಿಲಿಂಡರ್ ಒಳಗೆ ತುಕ್ಕು ಹಿಡಿದು ಒಂದು ಕಡೆಯ ಪಿಸ್ಟನ್ ಅಲ್ಲಾಡದೆ ಕೂತಿರುತ್ತದೆ, ಶೂ ಅಡ್ಜಸ್ಟ್ ಮಾಡಿ ವರ್ಷಗಳಾಗಿರುತ್ತವೆ, ಲೈನಿಂಗ್ ಮೇಲೆ ಗ್ರೀಸ್ ಸೋರಿರುತ್ತದೆ, ಬ್ರೇಕ್ ಆಯಿಲ್ ಯಾವ ಕಾಲದ್ದೋ ಗೊತ್ತಿರುವುದಿಲ್ಲ. ಇಂಥ ಕಾರಿಗೆ ಮುಂದೆ ಹೊಸ ಡಿಸ್ಕ್ ಹಾಕಿದರೆ ಉಳಿದ ರೋಗಗಳೆಲ್ಲ ಹಾಗೇ ಇರುತ್ತವೆ.

ಇನ್ನೊಂದು ವಿಷಯ ಇದೆ. ಹೊಸ ಕಾರಿನ ಪೆಡಲ್ ಮೇಲೆ ಸುಮ್ನೆ ಕಾಲಿಟ್ಟರೆ ಸಾಕು, ಕಾರು ಮುಂದಕ್ಕೆ ಬಾಗಿ ನಿಲ್ಲುತ್ತದೆ. ಅದು ಬೂಸ್ಟರ್, ಅಂದರೆ ಕಾಲಿನ ಬಲ ಹೆಚ್ಚಿಸುವ ಭಾಗ, ಕೊಡುವ ಸಹಾಯ. ಬೂಸ್ಟರ್ ಇಲ್ಲದ ಹಳೆ ಕಾರಿನಲ್ಲಿ ಅದೇ ಕೆಲಸಕ್ಕೆ ಕಾಲು ಬಲವಾಗಿ ಒತ್ತಬೇಕು. ಜೋರಾಗಿ ಒತ್ತಿದಾಗ ನಾಲ್ಕೂ ಚಕ್ರ ಸಮನಾಗಿ ಹಿಡಿದು ಕಾರು ನೇರವಾಗಿ ನಿಲ್ಲುತ್ತದೆ ಅಂತಾದರೆ ನಿಮ್ಮ ಬ್ರೇಕ್ ಕೆಟ್ಟಿಲ್ಲ.

ಏನು ಕೆಟ್ಟಿದೆ ಅಂತ ಪೆಡಲ್‌ನಲ್ಲೇ ಗೊತ್ತಾಗುತ್ತಾ?

ಬಹಳಷ್ಟು ಗೊತ್ತಾಗುತ್ತದೆ. ಪೆಡಲ್ ಮೆತ್ತಗೆ, ಸ್ಪಂಜಿನ ಹಾಗೆ ಇದ್ದರೆ ಒಳಗೆ ಗಾಳಿ ಇದೆ, ಇಲ್ಲವೇ ರಬ್ಬರ್ ಹೋಸ್ ಉಬ್ಬುತ್ತಿದೆ. ಮೊದಲ ಸಲ ತುಂಬಾ ಕೆಳಗೆ ಹೋಗಿ, ಎರಡು ಮೂರು ಸಲ ಪಂಪ್ ಮಾಡಿದರೆ ಮೇಲೆ ಬರುತ್ತದೆ ಅಂದರೆ ಸಾಮಾನ್ಯವಾಗಿ ಹಿಂದಿನ ಡ್ರಮ್ ಅಡ್ಜಸ್ಟ್ ಆಗಿಲ್ಲ. ಕಾಲು ಒತ್ತಿ ಹಿಡಿದರೆ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ, ಆದರೆ ಹೊರಗೆ ಎಲ್ಲೂ ಸೋರಿಕೆ ಕಾಣುತ್ತಿಲ್ಲ ಅಂದರೆ ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್‌ನ ಒಳಗಿನ ಸೀಲ್ ಹೋಗಿದೆ. ಬೂಸ್ಟರ್ ಇರುವ ಕಾರಿನಲ್ಲಿ ಬೂಸ್ಟರ್ ಒಳಗೂ ಸೋರಿರಬಹುದು, ಮಾಸ್ಟರ್ ಬಿಚ್ಚಿ ಹಿಂಭಾಗ ಒದ್ದೆ ಇದೆಯಾ ನೋಡಿ. ಕಲ್ಲಿನಂತೆ ಗಟ್ಟಿ ಪೆಡಲ್, ಆದರೂ ಕಾರು ನಿಲ್ಲುತ್ತಿಲ್ಲ ಅಂದರೆ ಬೂಸ್ಟರ್ ಕೆಲಸ ಮಾಡುತ್ತಿಲ್ಲ ಅಥವಾ ಪ್ಯಾಡ್ ಮುಖ ಗಾಜಿನಂತೆ ನುಣುಪಾಗಿದೆ. ಒಂದು ಕಡೆಗೆ ಎಳೆದರೆ ಎಳೆಯುವ ಕಡೆಯಲ್ಲ, ಎದುರು ಕಡೆಯ ಚಕ್ರವನ್ನು ಮೊದಲು ಬಿಚ್ಚಿ ನೋಡಿ. ಕೆಲಸ ಮಾಡದೆ ಕೂತಿರುವುದು ಅದೇ ಇರುತ್ತದೆ.

ದೊಡ್ಡ ಬ್ರೇಕ್ ಹಾಕಿದ್ರೆ ಕಾರು ಬೇಗ ನಿಲ್ಲುತ್ತೆ ಅಲ್ವಾ?

ಎಲ್ಲರೂ ಹಾಗೇ ಅಂದುಕೊಂಡಿರುತ್ತಾರೆ, ಆದರೆ ಅಲ್ಲ. ಬ್ರೇಕ್ ಚಕ್ರವನ್ನು ನಿಲ್ಲಿಸುತ್ತದೆ, ಕಾರನ್ನು ನಿಲ್ಲಿಸುವುದು ಟಯರ್. ಈಗಿರುವ ಬ್ರೇಕ್ ಜೋರಾಗಿ ಒತ್ತಿದಾಗ ನಾಲ್ಕೂ ಚಕ್ರಗಳನ್ನು ಲಾಕ್ ಮಾಡುವಷ್ಟು ಬಲ ಕೊಡುತ್ತದೆ ಅಂದರೆ, ಒಂದೇ ಒಂದು ತುರ್ತು ಬ್ರೇಕಿಗೆ ಅದಕ್ಕಿಂತ ದೊಡ್ಡ ಡಿಸ್ಕ್ ಹಾಕಿ ಏನೂ ಸಿಗುವುದಿಲ್ಲ.

ಲೆಕ್ಕ ನೋಡಿ. ಗಂಟೆಗೆ 100 ಕಿ.ಮೀ. ವೇಗದಲ್ಲಿರುವ ಕಾರಿಗೆ ಟಯರ್‌ನ ಹಿಡಿತ ಗುರುತ್ವದ 0.8 ಪಟ್ಟು ಸಿಕ್ಕರೆ ಬ್ರೇಕ್ ಹಿಡಿದ ಮೇಲೆ ಸುಮಾರು 49 ಮೀಟರ್ ಬೇಕು. ಹಳೆ ಗಟ್ಟಿಯಾದ ಟಯರ್‌ನಿಂದ ಅದು 0.6ಕ್ಕೆ ಇಳಿದರೆ ಸುಮಾರು 65 ಮೀಟರ್. ಈ 16 ಮೀಟರ್ ಯಾವ ಕ್ಯಾಲಿಪರ್‌ನಿಂದಲೂ ವಾಪಸ್ ಬರುವುದಿಲ್ಲ.

ಟಯರ್‌ನಲ್ಲಿ ಇನ್ನೂ ಗ್ರಿಪ್ ಇದೆ, ಬದಲಾಯಿಸಲೇಬೇಕಾ?

ಟಯರ್ ಮೇಲಿನ ಗೀರು ಆಳ ಇದ್ದ ಮಾತ್ರಕ್ಕೆ ರಬ್ಬರ್ ಚೆನ್ನಾಗಿದೆ ಅಂತಲ್ಲ. ಹಳೆ ಕಾರುಗಳು ಕಡಿಮೆ ಓಡುತ್ತವೆ, ಟಯರ್ ಸವೆಯುವ ಮೊದಲೇ ಮುದಿಯಾಗುತ್ತದೆ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 2314 ಅಂತಿದ್ದರೆ 2014ರ 23ನೇ ವಾರ ತಯಾರಾದದ್ದು. ಬರೀ ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಮೊದಲಿನದು, ಆ ಟಯರ್ ಮೇಲೆ ರಸ್ತೆಗೆ ಇಳಿಯಲೇಬೇಡಿ. ಬ್ರೇಕಿಗೆ ಅಂತ ಹಣ ಎತ್ತಿಟ್ಟಿದ್ದರೆ ಮೊದಲ ಪಾಲು ಟಯರಿಗೆ ಹೋಗಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಹಾಗಾದ್ರೆ ದೊಡ್ಡ ಡಿಸ್ಕ್ ಯಾಕೆ ಮಾಡ್ತಾರೆ?

ಶಾಖಕ್ಕೆ. ಕಾರಿನ ವೇಗವನ್ನು ಬ್ರೇಕ್ ಶಾಖವಾಗಿ ಬದಲಾಯಿಸುತ್ತದೆ, ಆ ಶಾಖ ಎಲ್ಲಾದರೂ ಕೂರಬೇಕು. 1,200 ಕೆ.ಜಿ. ತೂಕದ ಕಾರು ಗಂಟೆಗೆ 50 ಕಿ.ಮೀ.ನಲ್ಲಿದ್ದಾಗ ಅದರಲ್ಲಿ ಸುಮಾರು 116 ಕಿಲೋಜೌಲ್ ಶಕ್ತಿ ಇರುತ್ತದೆ. 100 ಕಿ.ಮೀ.ಗೆ ಹೋದರೆ 463 ಕಿಲೋಜೌಲ್. ವೇಗ ಎರಡು ಪಟ್ಟು, ಶಾಖ ನಾಲ್ಕು ಪಟ್ಟು. ಇದರಲ್ಲಿ ಶೇ. 70 ಮುಂದಿನ ಬ್ರೇಕಿಗೆ ಹೋಗುತ್ತದೆ, ಮುಂದಿನ ಡಿಸ್ಕ್‌ಗಳು ತಲಾ 5 ಕೆ.ಜಿ. ಇವೆ ಅಂತಿಟ್ಟುಕೊಳ್ಳಿ. 100ರಿಂದ ಒಂದು ಸಲ ನಿಂತರೆ ಡಿಸ್ಕ್‌ನ ಬಿಸಿ ಸುಮಾರು 70 ಡಿಗ್ರಿ ಏರುತ್ತದೆ. ತಲಾ 8 ಕೆ.ಜಿ. ಇದ್ದರೆ 44 ಡಿಗ್ರಿ ಅಷ್ಟೇ. ಒಂದು ಸಲಕ್ಕೆ ಈ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ತಣಿಯಲು ಬಿಡುವು ಕೊಡದೆ ಮತ್ತೆ ಮತ್ತೆ ಒತ್ತಿದಾಗ ಬರುತ್ತದೆ.

ಹಾಗಾಗಿ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಕಾರು ಘಟ್ಟ ಇಳಿಯುತ್ತದೆಯಾ? ತುಂಬಾ ಭಾರ ಹೊರುತ್ತದೆಯಾ? ಮೊದಲಿಗಿಂತ ಶಕ್ತಿಯ ಎಂಜಿನ್ ಕೂರಿಸಿದ್ದೀರಾ? ಇಲ್ಲ ಅಂದರೆ ಮೂಲ ಬ್ರೇಕ್ ಚೆನ್ನಾಗಿ ಸರಿಮಾಡಿಸಿಕೊಂಡರೆ ಸಾಕಾಗುವ ಸಾಧ್ಯತೆಯೇ ಜಾಸ್ತಿ.

ಘಟ್ಟ ಇಳಿಯುವಾಗ ಬ್ರೇಕ್ ಪೂರ್ತಿ ಹೋಯ್ತು, ಅರ್ಧ ಗಂಟೆ ಬಿಟ್ಟು ನೋಡಿದ್ರೆ ಸರಿ ಇದೆ. ಇದೇನು?

ಶಾಖವೇ. ಅದೇ 1,200 ಕೆ.ಜಿ. ಕಾರು 500 ಮೀಟರ್ ಎತ್ತರದಿಂದ ಇಳಿದರೆ ಸುಮಾರು 5,900 ಕಿಲೋಜೌಲ್ ಶಕ್ತಿ ಎಲ್ಲೋ ಹೋಗಬೇಕು. 100 ಕಿ.ಮೀ. ವೇಗದಿಂದ 12-13 ಸಲ ಪೂರ್ತಿ ನಿಂತಷ್ಟು. ಸ್ವಲ್ಪ ಪಾಲನ್ನು ಗಾಳಿಯೂ ಎಂಜಿನ್ನೂ ತಿನ್ನುತ್ತವೆ. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಇಳಿದರೆ ಎಂಜಿನ್ ಪಾಲೂ ಬ್ರೇಕಿನ ತಲೆಗೇ ಬರುತ್ತದೆ.

ಹೇಗೆ ಹೋಯಿತು ಅನ್ನುವುದನ್ನು ನೆನಪು ಮಾಡಿಕೊಳ್ಳಿ, ಅದರಲ್ಲೇ ಕಾರಣ ಸಿಗುತ್ತದೆ. ಪೆಡಲ್ ಗಟ್ಟಿಯಾಗಿಯೇ ಇತ್ತು, ಆದರೆ ಹಿಡಿಯಲಿಲ್ಲ ಅಂದರೆ ಪ್ಯಾಡ್ ಅಥವಾ ಲೈನಿಂಗ್ ತನ್ನ ಮಿತಿ ಮೀರಿ ಬಿಸಿಯಾಗಿದೆ. ಪೆಡಲ್ ಸ್ವಲ್ಪ ಸ್ವಲ್ಪವಾಗಿ ಕೆಳಗೆ ಹೋಯಿತು, ಪಂಪ್ ಮಾಡಿದರೆ ಬಂತು ಅಂದರೆ ಡ್ರಮ್ ಬಿಸಿಗೆ ಹಿಗ್ಗಿ ಶೂನಿಂದ ದೂರ ಸರಿದಿದೆ. ಪೆಡಲ್ ಏಕಾಏಕಿ ನೆಲ ಮುಟ್ಟಿತು ಅಂದರೆ ಬ್ರೇಕ್ ಆಯಿಲ್ ಕುದಿದು ಆವಿಯಾಗಿದೆ. ಮೂರನೆಯದೇ ಅತಿ ಅಪಾಯದ್ದು, ಯಾಕೆಂದರೆ ಅದು ಮುನ್ಸೂಚನೆ ಕೊಡುವುದಿಲ್ಲ. ಇಳಿದು ಬಂದು ಕಾರು ನಿಲ್ಲಿಸಿದ ಮೇಲೂ ಡಿಸ್ಕ್‌ನ ಬಿಸಿ ಕ್ಯಾಲಿಪರ್‌ಗೆ ಹರಿಯುತ್ತಿರುತ್ತದೆ, ಹಾಗಾಗಿ ಚಹಾಕ್ಕೆ ನಿಲ್ಲಿಸಿ ಮತ್ತೆ ಹೊರಟಾಗ ಪೆಡಲ್ ಇಲ್ಲದಿರುವುದೂ ಉಂಟು. ಹತ್ತುವಾಗ ಯಾವ ಗೇರ್ ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರ್ ಹಾಕಿ.

## ಕಡಿಮೆ ಕೆಲಸದಲ್ಲಿ ಜಾಸ್ತಿ ಸಿಗುವುದು

ಬ್ರೇಕ್ ಆಯಿಲ್ ಯಾವುದು ಹಾಕಲಿ? ಡಾಟ್ 3, 4, 5.1 ಅಂತ ತಲೆ ತಿನ್ನುತ್ತೆ.

ಡಾಟ್ ಅನ್ನುವುದು ಬ್ರೇಕ್ ಆಯಿಲ್‌ನ ದರ್ಜೆ, ನೀವು ಹೇಳಿದ ಮೂರೂ ಗ್ಲೈಕಾಲ್ ಜಾತಿಯವು. ಗ್ಲೈಕಾಲ್ ಆಯಿಲ್‌ಗೆಂದೇ ಮಾಡಿದ ಕಾರಿಗೆ ಒಳ್ಳೆಯ ಡಾಟ್ 4 ಹಾಕಿ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಅಷ್ಟು ಸಾಕು. ಕಾರಣ ಬೇಕಿದ್ದರೆ ಇಲ್ಲಿದೆ: ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಡಾಟ್ 4 ಆದರೆ 230, ಡಾಟ್ 5.1 ಆದರೆ 260. ಆದರೆ ಈ ಮೂರೂ ಗಾಳಿಯ ತೇವವನ್ನು ಹೀರುತ್ತವೆ. ಶೇ. 3.7ರಷ್ಟು ನೀರು ಸೇರಿದಾಗ ಅದೇ ಮಿತಿ ಕ್ರಮವಾಗಿ 140, 155 ಮತ್ತು 180ಕ್ಕೆ ಇಳಿಯುತ್ತದೆ. ಅಂದರೆ ಹಳೆಯ ಡಾಟ್ 5.1ಕ್ಕಿಂತ ಈಗ ತಾನೇ ತೆರೆದ ಡಾಟ್ 3 ಮೇಲು. ಅರ್ಧ ಖಾಲಿಯಾಗಿ ಕಪಾಟಿನಲ್ಲಿ ಕೂತ ಡಬ್ಬಿಯನ್ನು ಬಳಸಬೇಡಿ. ಬಣ್ಣದ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಪೇಂಟ್ ಕಿತ್ತು ಬರುತ್ತದೆ.

ಎಂಜಿನ್ ಆಯಿಲ್, ಸ್ಟೀರಿಂಗ್ ಆಯಿಲ್ ಒಂದು ಹನಿಯೂ ಹೋಗಬಾರದು. ಖನಿಜ ತೈಲ ತಾಗಿದರೆ ಬ್ರೇಕಿನ ರಬ್ಬರ್ ಸೀಲ್‌ಗಳು ಉಬ್ಬಿ ಹಾಳಾಗುತ್ತವೆ, ಆಮೇಲೆ ಎಲ್ಲವನ್ನೂ ಬಿಚ್ಚಬೇಕು. ಹಸಿರು ಖನಿಜ ತೈಲದ ಹಳೆ ಸಿಟ್ರೊಯೆನ್‌ಗಳ ಕಥೆ ಉಲ್ಟಾ, ಅವಕ್ಕೆ ಡಾಟ್ ಆಯಿಲ್ ವಿಷ.

ಸಿಲಿಕೋನ್ ಡಾಟ್ 5 ಹಾಕಿದ್ರೆ ಬದಲಾಯಿಸೋ ತಾಪತ್ರಯನೇ ಇಲ್ಲವಂತೆ?

ಡಾಟ್ 5 ನೀರು ಹೀರುವುದಿಲ್ಲ, ಪೇಂಟ್ ಹಾಳು ಮಾಡುವುದಿಲ್ಲ. ವರ್ಷಗಟ್ಟಲೆ ಶೆಡ್‌ನಲ್ಲಿ ನಿಲ್ಲುವ ಪ್ರದರ್ಶನದ ಕಾರಿಗೆ ಅದಕ್ಕೆ ಅರ್ಥ ಇದೆ. ಆದರೆ ಗ್ಲೈಕಾಲ್ ಆಯಿಲ್ ಜೊತೆ ಅದು ಬೆರೆಯುವುದಿಲ್ಲ. ಹಾಕುವುದಾದರೆ ಹಳೆಯದನ್ನೆಲ್ಲ ತೆಗೆದು, ಪೈಪ್ ತೊಳೆದು ಒಣಗಿಸಿ, ಸೀಲ್‌ಗಳನ್ನೆಲ್ಲ ಹೊಸದು ಹಾಕಿ ಆಮೇಲೆ ತುಂಬಬೇಕು. ಒಳಗೆ ಬಂದ ನೀರು ಬೆರೆಯದೆ ಕೆಳಗಿನ ಜಾಗದಲ್ಲಿ ನಿಲ್ಲುತ್ತದೆ, ಅಲ್ಲಿ ತುಕ್ಕು ಹಿಡಿಯುತ್ತದೆ, ಬಿಸಿಯಾದರೆ 100 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಪೆಡಲ್ ಕೂಡ ಸ್ವಲ್ಪ ಮೆತ್ತಗಾಗುತ್ತದೆ. ದಿನಾ ಓಡುವ ಕಾರಿಗೆ ನಾನು ಹಾಕುವುದಿಲ್ಲ. ಡಾಟ್ 5.1 ಮಾತ್ರ ಬೇರೆಯೇ, ಅದು ಗ್ಲೈಕಾಲ್ ಜಾತಿಯದು.

ಹೋಸ್ ಪೈಪ್ ಹೊರಗೆ ಚೆನ್ನಾಗೇ ಕಾಣ್ತಿದೆ, ಆದ್ರೂ ಬದಲಾಯಿಸಿ ಅಂತಾರೆ. ಯಾಕೆ?

ಹೋಸ್ ಕೆಡುವುದು ಒಳಗಿನಿಂದ. ಒಳಪದರ ಉಬ್ಬಿ ದಾರಿ ಕಿರಿದಾಗುತ್ತದೆ. ಕಾಲಿನ ಒತ್ತಡಕ್ಕೆ ಆಯಿಲ್ ಆಚೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಆ ಚಕ್ರ ಬ್ರೇಕ್ ಹಿಡಿದುಕೊಂಡೇ ಓಡುತ್ತದೆ, ಬಿಸಿಯಾಗುತ್ತದೆ. ಪರೀಕ್ಷೆ ಸುಲಭ. ಬಿಗಿಯಾಗಿರುವ ಚಕ್ರದ ಬ್ಲೀಡ್ ನಿಪ್ಪಲ್ (ಲೈನ್‌ನ ಗಾಳಿ ಹೊರಬಿಡುವ ಸ್ಕ್ರೂ) ಸಡಿಲಿಸಿ. ಆಗಲೂ ಚಕ್ರ ತಿರುಗದಿದ್ದರೆ ಪಿಸ್ಟನ್ ಜಾಮ್ ಆಗಿದೆ. ಬಿಟ್ಟುಕೊಂಡರೆ ಆಯಿಲ್ ಒಳಗೆ ಸಿಕ್ಕಿಕೊಂಡಿತ್ತು ಅಂತರ್ಥ. ಮುಂದಿನ ಸಲ ಬಿಗಿಯಾದಾಗ ಮಾಸ್ಟರ್ ಸಿಲಿಂಡರ್ ಬಳಿಯ ಯೂನಿಯನ್ (ಪೈಪ್ ಸೇರಿಸುವ ನಟ್) ಸಡಿಲಿಸಿ ನೋಡಿ. ಅಲ್ಲಿ ಬಿಟ್ಟುಕೊಂಡರೆ ತಪ್ಪು ಮಾಸ್ಟರ್‌ನದು ಅಥವಾ ಪೆಡಲ್‌ನಿಂದ ಅದನ್ನು ತಳ್ಳುವ ಪುಶ್ ರಾಡ್‌ನದು, ಬಿಡದಿದ್ದರೆ ಹೋಸ್‌ನದು.

ಬದಲಾಯಿಸುವಾಗ ಸ್ಟೀಲ್ ಹೆಣಿಗೆಯ ಹೋಸ್ ಹಾಕಿದರೆ ಪೆಡಲ್ ಸ್ವಲ್ಪ ಗಟ್ಟಿಯಾಗುತ್ತದೆ. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಚಕ್ರ ಮೇಲೆ ಕೆಳಗೆ ಮಾಡಿ, ಹೋಸ್ ಎಲ್ಲೂ ಉಜ್ಜುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಆ ಹೆಣಿಗೆ ಗರಗಸದ ಹಾಗೆ ಪಕ್ಕದಲ್ಲಿದ್ದದ್ದನ್ನು ಕೊರೆಯುತ್ತದೆ.

ಗಟ್ಟಿ ಪೈಪ್‌ಗಳಿಗೆ ತಾಮ್ರ ಹಾಕಬಹುದಾ? ಬಗ್ಗಿಸೋಕೆ ಸುಲಭ.

ಶುದ್ಧ ತಾಮ್ರ ಬೇಡ. ಅದುರಿ ಅದುರಿ ಗಟ್ಟಿಯಾಗಿ ಬಿರುಕು ಬಿಡುತ್ತದೆ. ತಾಮ್ರ ಮತ್ತು ನಿಕಲ್ ಸೇರಿದ ಮಿಶ್ರಲೋಹದ ಬ್ರೇಕ್ ಪೈಪ್ ಸಿಗುತ್ತದೆ, ಅದು ಬಗ್ಗುತ್ತದೆ, ತುಕ್ಕೂ ಹಿಡಿಯುವುದಿಲ್ಲ. ಪೈಪಿನ ತುದಿಯ ಫ್ಲೇರ್ (ಅಗಲಿಸಿದ ಬಾಯಿ) ಎರಡು ಬಗೆ, ಡಬಲ್ ಮತ್ತು ಬಬಲ್. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಬಿಗಿ ಮಾಡಿದರೆ ಕೂತಂತೆ ಕಂಡು ಆಮೇಲೆ ಸೋರುತ್ತದೆ.

ರೇಸಿಂಗ್ ಪ್ಯಾಡ್ ಹಾಕಿಬಿಟ್ರೆ ಎಲ್ಲ ಸರಿ ಹೋಗಲ್ವಾ?

ರಸ್ತೆ ಕಾರಿಗೆ ಅದು ಅಪಾಯ. ರೇಸಿಂಗ್ ಪ್ಯಾಡ್ ಚೆನ್ನಾಗಿ ಬಿಸಿಯಾದ ಮೇಲೆ ಹಿಡಿಯುತ್ತದೆ. ಬೆಳಗ್ಗೆ ಮನೆಯಿಂದ ಹೊರಟು ಮೊದಲ ತಿರುವಿನಲ್ಲಿ ಯಾರೋ ಅಡ್ಡ ಬಂದರೆ ಅದು ಮೂಲ ಪ್ಯಾಡಿಗಿಂತ ಕಡಿಮೆ ಹಿಡಿಯುತ್ತದೆ. ರಸ್ತೆಗೆ ಅಂತಲೇ ಮಾಡಿದ ಒಳ್ಳೆಯ ಪ್ಯಾಡ್ ತೆಗೆದುಕೊಳ್ಳಿ. ಕೆಲವು ಪ್ಯಾಡ್‌ಗಳ ಅಂಚಿನಲ್ಲಿ ಎರಡು ಅಕ್ಷರ ಅಚ್ಚಾಗಿರುತ್ತವೆ. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿನ ಘರ್ಷಣೆ, ಎರಡನೆಯದು ಜಾಸ್ತಿ ಬಿಸಿಯಾದಾಗಿನದು. 'ಇ' ಅಂದರೆ ಘರ್ಷಣೆಯ ಅಂಕ 0.25ರಿಂದ 0.35, 'ಎಫ್' ಅಂದರೆ 0.35ರಿಂದ 0.45, 'ಜಿ' ಅಂದರೆ 0.45ರಿಂದ 0.55. 'ಎಫ್ ಎಫ್' ಇದ್ದರೆ ರಸ್ತೆಗೆ ಧಾರಾಳ. ಆದರೆ ಆ ಅಕ್ಷರ ಬಾಳಿಕೆಯನ್ನಾಗಲಿ ಗುಣಮಟ್ಟವನ್ನಾಗಲಿ ಹೇಳುವುದಿಲ್ಲ.

ಹಳೆ ಡ್ರಮ್ ಬಿಚ್ಚಿದ್ರೆ ತುಂಬಾ ಧೂಳು. ಏರ್ ಹೊಡೆದು ಕ್ಲೀನ್ ಮಾಡಲಾ?

ಖಂಡಿತ ಬೇಡ. ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಎಳೆಗಳು ಶ್ವಾಸಕೋಶಕ್ಕೆ ಹೋದರೆ ದಶಕಗಳ ನಂತರ ಕ್ಯಾನ್ಸರ್ ತರಬಲ್ಲವು. ಬ್ರೇಕ್ ಕ್ಲೀನರ್ ಅಥವಾ ಸೋಪಿನ ನೀರಿನಿಂದ ನಿಧಾನವಾಗಿ ಒದ್ದೆ ಮಾಡಿ, ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಒದ್ದೆಯಾಗಿಯೇ ಚೀಲಕ್ಕೆ ಹಾಕಿ ಕಟ್ಟಿ. ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ. ಕಾರಿನ ಇತಿಹಾಸ ಗೊತ್ತಿಲ್ಲದಿದ್ದರೆ ಆಸ್ಬೆಸ್ಟಾಸ್ ಇದೆ ಅಂತಲೇ ತಿಳಿದು ಕೆಲಸ ಮಾಡಿ.

ಹೊಸ ಪ್ಯಾಡ್ ಹಾಕಿದ ಮೇಲೆ ಮೊದಲಿಗಿಂತ ಕಡಿಮೆ ಹಿಡೀತಿದೆ. ಮೋಸ ಹೋದೆನಾ?

ಇಲ್ಲ, ಇನ್ನೂ ಪಳಗಿಲ್ಲ. ಪ್ಯಾಡ್ ಮತ್ತು ಡಿಸ್ಕ್ ಪರಸ್ಪರ ಉಜ್ಜಿ ಹೊಂದಿಕೊಳ್ಳಬೇಕು, ಪ್ಯಾಡಿನ ತೆಳು ಪದರ ಡಿಸ್ಕ್ ಮೇಲೆ ಸಮನಾಗಿ ಹರಡಬೇಕು. ಖಾಲಿ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ.ನಿಂದ 10ರವರೆಗೆ ಮಧ್ಯಮ ಒತ್ತಡದಲ್ಲಿ ಎಂಟು ಹತ್ತು ಸಲ ಇಳಿಸಿ, ನಡುವೆ ಸ್ವಲ್ಪ ದೂರ ಓಡಿಸಿ. ಪೂರ್ತಿ ನಿಲ್ಲಿಸಬೇಡಿ, ಬಿಸಿ ಡಿಸ್ಕ್ ಮೇಲೆ ಪ್ಯಾಡ್ ಒತ್ತಿ ಹಿಡಿದರೆ ಅಲ್ಲೇ ಕಲೆ ಕೂರುತ್ತದೆ. ಆಮೇಲೆ ಬ್ರೇಕ್ ಹಿಡಿಯದೆ ಕೆಲವು ಕಿಲೋಮೀಟರ್ ಓಡಿಸಿ ತಣಿಸಿ. ತಯಾರಕರು ಬೇರೆ ವಿಧಾನ ಬರೆದಿದ್ದರೆ ಅದನ್ನೇ ಮಾಡಿ.

## ಡ್ರಮ್‌ನಿಂದ ಡಿಸ್ಕ್‌ಗೆ

ಡ್ರಮ್ ಅಂದ್ರೆ ಕೆಟ್ಟದ್ದು, ಡಿಸ್ಕ್ ಅಂದ್ರೆ ಒಳ್ಳೇದು, ಅಷ್ಟೇ ಅಲ್ವಾ?

ಅಷ್ಟು ಸರಳ ಇಲ್ಲ. ಡ್ರಮ್‌ನಲ್ಲಿ ಒಂದು ಶೂವನ್ನು ಡ್ರಮ್ಮೇ ತಿರುಗುತ್ತಾ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಕಡಿಮೆ ಒತ್ತಡಕ್ಕೆ ಜಾಸ್ತಿ ಹಿಡಿತ. ಬೂಸ್ಟರ್ ಇಲ್ಲದ ಕಾಲದಲ್ಲಿ ಭಾರಿ ಕಾರುಗಳು ಡ್ರಮ್‌ನಲ್ಲೇ ನಿಲ್ಲುತ್ತಿದ್ದದ್ದು ಇದರಿಂದ. ತೊಂದರೆ ಏನೆಂದರೆ ಆ ಎಳೆತ ಪ್ರತಿ ಸಲ ಒಂದೇ ರೀತಿ ಇರುವುದಿಲ್ಲ. ಬಿಸಿಗೆ, ನೀರಿಗೆ, ಅಡ್ಜಸ್ಟ್‌ಮೆಂಟಿನ ಸಣ್ಣ ವ್ಯತ್ಯಾಸಕ್ಕೆ ಅದು ಬದಲಾಗುತ್ತದೆ, ಶಾಖವೂ ಡಬ್ಬಿಯೊಳಗೆ ಕೂತುಬಿಡುತ್ತದೆ.

ಡಿಸ್ಕ್ ಎರಡೂ ಮುಖ ಗಾಳಿಗೆ ತೆರೆದುಕೊಂಡಿರುತ್ತದೆ, ನೀರನ್ನು ಎಸೆಯುತ್ತದೆ, ತಾನೇ ಅಡ್ಜಸ್ಟ್ ಆಗುತ್ತದೆ. ಆಲೋಚನೆ ಹಳೆಯದೇ, ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಪೇಟೆಂಟ್ ಪಡೆದಿದ್ದ. ಡನ್‌ಲಪ್ ಡಿಸ್ಕ್ ಬ್ರೇಕ್ ಇದ್ದ ಜಾಗ್ವಾರ್ ಸಿ-ಟೈಪ್ 1953ರ ಲೆ ಮಾನ್ಸ್ ರೇಸ್ ಗೆದ್ದಾಗ ಜಗತ್ತು ಅದರತ್ತ ತಿರುಗಿತು. ಗೆಲುವಿಗೆ ಕಾರಣ ಒಂದು ಸಲ ಬೇಗ ನಿಲ್ಲುವುದಲ್ಲ, 24 ಗಂಟೆಯೂ ಒಂದೇ ರೀತಿ ನಿಲ್ಲುವುದು. ಡಿಸ್ಕ್‌ಗೆ ಹೋಗುವ ನಿಜವಾದ ಕಾರಣ ಇವತ್ತಿಗೂ ಅದೇ.

ಮುಂದೆ ಮಾತ್ರ ಹಾಕಿದ್ರೆ ಸಾಕಾ, ನಾಲ್ಕೂ ಬೇಕಾ?

ಮುಂದೆ ಸಾಕು. ಬ್ರೇಕ್ ಹಿಡಿದಾಗ ತೂಕ ಮುಂದಕ್ಕೆ ಬರುತ್ತದೆ. 1,000 ಕೆ.ಜಿ. ಕಾರು, ಅರ್ಧ ಅರ್ಧ ಹಂಚಿಕೆ, ಮುಂದಿನ ಹಿಂದಿನ ಚಕ್ರಗಳ ನಡುವೆ 2.5 ಮೀಟರ್, ತೂಕದ ಕೇಂದ್ರ ನೆಲದಿಂದ ಅರ್ಧ ಮೀಟರ್ ಮೇಲೆ ಅಂತಿಟ್ಟುಕೊಳ್ಳಿ. ಒಣ ರಸ್ತೆಯಲ್ಲಿ 0.8ರ ಹಿಡಿತದಲ್ಲಿ ಜೋರಾಗಿ ಬ್ರೇಕ್ ಹಿಡಿದರೆ 160 ಕೆ.ಜಿ. ಮುಂದಕ್ಕೆ ಸರಿಯುತ್ತದೆ. ಮುಂದೆ 660, ಹಿಂದೆ 340. ಎಂಜಿನ್ ಮುಂದಿರುವ ಕಾರಿನಲ್ಲಿ ಹಿಂದೆ ಇನ್ನೂ ಹಗುರ. ಅಷ್ಟು ಕೆಲಸವನ್ನು ಸರಿಯಾಗಿ ಅಡ್ಜಸ್ಟ್ ಮಾಡಿದ ಡ್ರಮ್ ಆರಾಮಾಗಿ ಮಾಡುತ್ತದೆ.

ಹಿಂದೆ ಡಿಸ್ಕ್ ಹಾಕಿಸ್ದೆ, ಈಗ ಹ್ಯಾಂಡ್ ಬ್ರೇಕ್ ನಿಲ್ತಾನೇ ಇಲ್ಲ.

ಇದು ಬಹಳ ಸಾಮಾನ್ಯ. ಡ್ರಮ್ ತಾನೇ ಎಳೆದುಕೊಳ್ಳುವುದರಿಂದ ಕೇಬಲ್‌ನ ಸಣ್ಣ ಎಳೆತಕ್ಕೂ ಕಾರು ನಿಲ್ಲುತ್ತದೆ. ಡಿಸ್ಕ್‌ಗೆ ಆ ಗುಣ ಇಲ್ಲ. ಡಿಸ್ಕ್‌ನ ಟೋಪಿಯೊಳಗೆ ಪುಟ್ಟ ಡ್ರಮ್ ಇರುವ ಜೋಡಣೆ ಹುಡುಕಿ, ಅದೇ ನಂಬಿಕೆಯದ್ದು. ಕ್ಯಾಲಿಪರ್‌ನಲ್ಲೇ ಹ್ಯಾಂಡ್ ಬ್ರೇಕ್ ಇರುವುದಾದರೆ ಲಿವರ್‌ನ ಎಳೆತದ ದೂರ ಹಳೆ ಕೇಬಲ್‌ಗೆ ಹೊಂದುತ್ತದಾ ನೋಡಿ.

ಬೇರೆ ಕಾರಿನ ಕ್ಯಾಲಿಪರ್, ಡಿಸ್ಕ್ ತಂದು ಬ್ರಾಕೆಟ್ ಮಾಡಿಸಿ ಕೂರಿಸಬಹುದಾ?

ಅದೇ ತಯಾರಕರ ನಂತರದ ಮಾದರಿಯ ಸ್ಟಬ್ ಆಕ್ಸಲ್ (ಮುಂದಿನ ಚಕ್ರ ಕೂರುವ ಭಾಗ) ಸಮೇತ ಪೂರ್ತಿ ಸೆಟ್ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಅದನ್ನು ಎಂಜಿನಿಯರುಗಳು ಆಗಲೇ ಲೆಕ್ಕ ಹಾಕಿ ಮಾಡಿರುತ್ತಾರೆ. ಆಗಲೂ ಸ್ಟೀರಿಂಗ್ ಆರ್ಮ್‌ನ ಉದ್ದ, ಎತ್ತರ ಅಳೆದು ನೋಡಿ. ಬೇರೆಯಾಗಿದ್ದರೆ ಗುಂಡಿ ಹಾರಿದಾಗ ಸ್ಟೀರಿಂಗ್ ತಾನೇ ತಿರುಗುತ್ತದೆ.

ಬ್ರಾಕೆಟ್ ಮಾಡಿಸುವ ದಾರಿಯಲ್ಲಿ ಎಚ್ಚರ ಜಾಸ್ತಿ ಬೇಕು. ಜೋರಾಗಿ ಬ್ರೇಕ್ ಹಿಡಿದಾಗ ಡಿಸ್ಕ್ ತಿರುಗದಂತೆ ತಡೆಯುವ ಬಲವೆಲ್ಲ ಆ ಬ್ರಾಕೆಟ್ ಮತ್ತು ಎರಡು ಬೋಲ್ಟ್ ಮೇಲೆ ಬರುತ್ತದೆ. ತಲೆಯ ಮೇಲೆ 10.9 ಅಂತ ಅಚ್ಚಿರುವ ಬೋಲ್ಟ್ ಹಾಕಿ, ಸಾದಾ ಬೋಲ್ಟ್ ಬೇಡ. ಸ್ಟಬ್ ಆಕ್ಸಲ್ ಮೇಲೆ ವೆಲ್ಡಿಂಗ್ ಮಾಡಿಸಲೇಬೇಡಿ. ಡಿಸ್ಕ್ ಕ್ಯಾಲಿಪರ್‌ನ ಸರಿಯಾಗಿ ನಡುವೆ ಬರಬೇಕು. ಚಕ್ರ ಹಾಕಿ ಕೈಯಲ್ಲಿ ತಿರುಗಿಸಿ, ಕ್ಯಾಲಿಪರ್‌ಗೂ ರಿಮ್‌ಗೂ ನಡುವೆ ಜಾಗ ಇದೆಯಾ ನೋಡಿ. ರಿಮ್‌ನ ಒಳಗೆ ಅಂಟಿಸಿದ ಬ್ಯಾಲೆನ್ಸ್ ತೂಕ ತಾಗುವುದನ್ನು ಎಷ್ಟೋ ಜನ ಮರೆಯುತ್ತಾರೆ. ಕ್ಯಾಲಿಪರ್ ಎಡ ಬಲ ಅದಲು ಬದಲಾದರೆ ಬ್ಲೀಡ್ ನಿಪ್ಪಲ್ ಕೆಳಗೆ ಬರುತ್ತದೆ, ಆಗ ಎಷ್ಟು ಬ್ಲೀಡ್ ಮಾಡಿದರೂ ಮೇಲಿನ ಗಾಳಿ ಹೊರಗೆ ಬರುವುದಿಲ್ಲ. ನಿಪ್ಪಲ್ ಯಾವಾಗಲೂ ಮೇಲೆ ಇರಬೇಕು.

ಡಿಸ್ಕ್ ಹಾಕಿದ ಮೇಲೂ ಹಳೇ ಮಾಸ್ಟರ್ ಸಿಲಿಂಡರ್ ನಡೆಯುತ್ತಾ?

ಹೆಚ್ಚಿನ ಸಲ ಇಲ್ಲ. ಕ್ಯಾಲಿಪರ್ ಪಿಸ್ಟನ್ ದೊಡ್ಡದು, ಅದನ್ನು ತಳ್ಳಲು ಜಾಸ್ತಿ ಆಯಿಲ್ ಬೇಕು. ಹಳೆ ಮಾಸ್ಟರ್ ಸಣ್ಣದಿದ್ದರೆ ಪೆಡಲ್ ತುಂಬಾ ಕೆಳಗೆ ಹೋಗುತ್ತದೆ. ಹಾಗಂತ ಸಿಕ್ಕಾಪಟ್ಟೆ ದೊಡ್ಡದು ಹಾಕಿದರೆ ಪೆಡಲ್ ಮರದ ಹಲಗೆ ಒತ್ತಿದಂತೆ ಗಟ್ಟಿ, ಹಿಡಿತ ಕಡಿಮೆ. ಮಾಸ್ಟರ್‌ನ ಬೋರ್, ಅಂದರೆ ಒಳವ್ಯಾಸ, 19.05 ಮಿ.ಮೀ.ನಿಂದ 22.2 ಮಿ.ಮೀ.ಗೆ ಹೋದರೆ ಅಷ್ಟೇ ಒತ್ತಡ ಬರಿಸಲು ಕಾಲಿನ ಬಲ ಶೇ. 36 ಜಾಸ್ತಿ ಬೇಕು. ಅದರ ಮೇಲೆ ಡಿಸ್ಕ್‌ಗೆ ಡ್ರಮ್‌ನ ಹಾಗೆ ತಾನೇ ಎಳೆದುಕೊಳ್ಳುವ ಗುಣ ಇಲ್ಲ. ಆ ಕ್ಯಾಲಿಪರ್ ಯಾವ ಕಾರಿನಿಂದ ಬಂತೋ ಅದರ ಮಾಸ್ಟರ್ ಬೋರ್ ಎಷ್ಟಿತ್ತು, ಬೂಸ್ಟರ್ ಇತ್ತಾ, ಅದನ್ನು ತಿಳಿದುಕೊಂಡು ಅಲ್ಲಿಂದ ಶುರು ಮಾಡಿ. ಆಯಿಲ್ ಡಬ್ಬಿಯೂ ದೊಡ್ಡದಿರಬೇಕು, ಪ್ಯಾಡ್ ಸವೆದಂತೆ ಆಯಿಲ್ ಮಟ್ಟ ಇಳಿಯುತ್ತದೆ.

ಡಿಸ್ಕ್ ಹಾಕಿದ ಮೇಲೆ ಬ್ರೇಕ್ ಬಿಟ್ರೂ ಚಕ್ರ ಬಿಗಿಯಾಗೇ ಇರುತ್ತೆ, ಬಿಸಿಯಾಗುತ್ತೆ.

ಡ್ರಮ್‌ಗೆ ಮಾಡಿದ ಎಷ್ಟೋ ಮಾಸ್ಟರ್‌ಗಳ ಒಳಗೆ ಪುಟ್ಟ ವಾಲ್ವ್ ಇರುತ್ತದೆ. ಕಾಲು ತೆಗೆದ ಮೇಲೂ ಅದು ಲೈನ್‌ನಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಉಳಿಸುತ್ತದೆ. ಡ್ರಮ್‌ನಲ್ಲಿ ಶೂ ವಾಪಸ್ ಎಳೆಯುವ ಸ್ಪ್ರಿಂಗ್ ಇರುವುದರಿಂದ ತೊಂದರೆ ಇಲ್ಲ. ಡಿಸ್ಕ್‌ನಲ್ಲಿ ಆ ಒತ್ತಡ ಪ್ಯಾಡನ್ನು ಒತ್ತಿಯೇ ಹಿಡಿಯುತ್ತದೆ. ಡಿಸ್ಕ್ ಕಡೆಯ ಲೈನ್‌ನಿಂದ ಅದನ್ನು ತೆಗೆಯಬೇಕು. ಮಾಸ್ಟರ್ ಕಾರಿನ ನೆಲದ ಕೆಳಗೆ, ಕ್ಯಾಲಿಪರ್‌ಗಿಂತ ತಗ್ಗಿನಲ್ಲಿದ್ದರೆ ಆಯಿಲ್ ವಾಪಸ್ ಹರಿದು ಬರದಂತೆ ಡಿಸ್ಕ್ ಲೈನ್‌ಗೆ 2 ಪಿಎಸ್‌ಐ ವಾಲ್ವ್ ಬೇಕಾಗುತ್ತದೆ. ಪೆಡಲ್ ಪುಶ್ ರಾಡ್‌ಗೆ ಸ್ವಲ್ಪವೂ ಸಡಿಲ ಬಿಡದಿದ್ದರೂ ಇದೇ ಲಕ್ಷಣ, ಅದನ್ನೇ ಮೊದಲು ನೋಡಿ.

ತೂತು ಇರೋ ಡಿಸ್ಕ್ ಹಾಕಲಾ? ನೋಡೋಕೆ ಚೆನ್ನಾಗಿರುತ್ತೆ.

ನೋಡೋಕೆ ಮಾತ್ರ. ತೂತಿನ ಅಂಚಿನಿಂದ ಬಿರುಕು ಶುರುವಾಗುತ್ತದೆ, ಶಾಖ ಹಿಡಿಯುವ ಕಬ್ಬಿಣವೂ ಕಡಿಮೆಯಾಗುತ್ತದೆ. ಜಾಗ ಇದ್ದರೆ ನಡುವೆ ಗಾಳಿ ಹಾಯುವ ವೆಂಟಿಲೇಟೆಡ್ ಡಿಸ್ಕ್ ಹಾಕಿ, ಉಪಯೋಗ ಅದರಲ್ಲಿದೆ.

## ಇನ್ನೂ ಒಳಕ್ಕೆ

ಬೂಸ್ಟರ್ ಹಾಕಿದ್ರೆ ಬ್ರೇಕ್ ಶಕ್ತಿ ಎಷ್ಟು ಹೆಚ್ಚುತ್ತೆ?

ಕಾಲಿಗೆ ಶ್ರಮ ಕಡಿಮೆಯಾಗುತ್ತದೆ. ಟಯರ್‌ನ ಹಿಡಿತವಾಗಲಿ, ಡಿಸ್ಕ್ ಶಾಖ ತಡೆಯುವ ಶಕ್ತಿಯಾಗಲಿ ಅದರಿಂದ ಹೆಚ್ಚುವುದಿಲ್ಲ. ವಯಸ್ಸಾದವರು, ಮಂಡಿ ನೋವಿರುವವರು ಓಡಿಸುವುದಾದರೆ ಬೂಸ್ಟರ್ ನಿಜವಾದ ಸುರಕ್ಷತೆಯೇ. ಅದು ಪೆಟ್ರೋಲ್ ಎಂಜಿನ್‌ನ ಮ್ಯಾನಿಫೋಲ್ಡ್ ನಿರ್ವಾತದಿಂದ ನಡೆಯುತ್ತದೆ. ಎಂಜಿನ್‌ಗೆ ರೇಸಿಂಗ್ ಕ್ಯಾಮ್ ಹಾಕಿದ್ದರೆ ನಿರ್ವಾತ ಸಾಲದೆ ಹೋಗಬಹುದು, ಡೀಸೆಲ್ ಆದರೆ ಬೇರೆ ಪಂಪೇ ಬೇಕು. ಇರುವ ಬೂಸ್ಟರ್ ಪರೀಕ್ಷೆ ಹೀಗೆ: ಎಂಜಿನ್ ಆಫ್ ಮಾಡಿ ಪೆಡಲ್ ಐದಾರು ಸಲ ಒತ್ತಿ ಗಟ್ಟಿಯಾಗಿಸಿ, ಕಾಲು ತೆಗೆಯದೆ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ನಿರ್ವಾತದ ಪೈಪ್, ಒಂದು ದಿಕ್ಕಿನ ವಾಲ್ವ್, ಆಮೇಲೆ ಬೂಸ್ಟರ್, ಈ ಕ್ರಮದಲ್ಲಿ ನೋಡಿ.

ನನ್ನ ಕಾರಿನಲ್ಲಿ ಇಡೀ ಬ್ರೇಕಿಗೆ ಒಂದೇ ಲೈನ್. ಬದಲಾಯಿಸಬೇಕಾ?

ಡಿಸ್ಕ್‌ಗಿಂತ ಮೊದಲು ಇದನ್ನು ಮಾಡಿಸಿ ಅಂತ ನಾನು ಕೈಮುಗಿದು ಹೇಳುತ್ತೇನೆ. ಒಂದೇ ಲೈನಿನ ಕಾರಿನಲ್ಲಿ ಒಂದು ಹೋಸ್ ಒಡೆದರೆ, ಒಂದು ಸೀಲ್ ಬಿಟ್ಟರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ. ಉಳಿಯುವುದು ಹ್ಯಾಂಡ್ ಬ್ರೇಕ್ ಒಂದೇ. ಎರಡು ಕೋಣೆಯ ಮಾಸ್ಟರ್ ಹಾಕಿ ಮುಂದೆ ಹಿಂದೆ ಬೇರೆ ಮಾಡಿದರೆ ಒಂದು ಹೋದರೂ ಇನ್ನೊಂದು ಇರುತ್ತದೆ. ಅಮೆರಿಕದಲ್ಲಿ 1968ರಿಂದ ಹೊಸ ಕಾರುಗಳಿಗೆ ಹೀಗೆ ಬೇರೆ ಮಾಡುವುದು ಕಡ್ಡಾಯವಾಯಿತು. ಪೆಡಲ್‌ನ ದೂರ ಸಾಕಷ್ಟಿರಬೇಕು ಅನ್ನುವುದನ್ನು ಮರೆಯಬೇಡಿ. ಒಂದು ಕೋಣೆ ಖಾಲಿಯಾದಾಗ ಪೆಡಲ್ ತುಂಬಾ ಕೆಳಗೆ ಹೋದ ಮೇಲೇ ಇನ್ನೊಂದು ಹಿಡಿಯುತ್ತದೆ. ಅಷ್ಟರಲ್ಲಿ ಪೆಡಲ್ ನೆಲಕ್ಕೆ ತಾಗಿದರೆ ಎರಡು ಲೈನ್ ಇದ್ದೂ ಪ್ರಯೋಜನ ಇಲ್ಲ.

ಮುಂದೆ ಹಿಂದೆ ಬ್ಯಾಲೆನ್ಸ್ ಅಂತಾರಲ್ಲ, ಅದನ್ನು ಹೇಗೆ ಸರಿ ಮಾಡೋದು?

ನೆನಪಿಡಬೇಕಾದ್ದು ಒಂದೇ: ಹಿಂದಿನ ಚಕ್ರ ಮುಂದಿನದಕ್ಕಿಂತ ಮೊದಲು ಲಾಕ್ ಆಗಬಾರದು. ಮುಂದಿನದು ಲಾಕ್ ಆದರೆ ಕಾರು ನೇರವಾಗಿ ಜಾರುತ್ತದೆ, ಸ್ಟೀರಿಂಗ್ ಮಾತು ಕೇಳುವುದಿಲ್ಲ, ಕಾಲು ಸಡಿಲಿಸಿದರೆ ಮತ್ತೆ ಕೈಗೆ ಸಿಗುತ್ತದೆ. ಹಿಂದಿನದು ಮೊದಲು ಲಾಕ್ ಆದರೆ ಕಾರು ಬುಗುರಿಯಾಗುತ್ತದೆ.

ಹಿಂದಿನ ಲೈನ್‌ಗೆ ಅಡ್ಜಸ್ಟ್ ಮಾಡುವ ಪ್ರೊಪೋರ್ಷನಿಂಗ್ ವಾಲ್ವ್ ಹಾಕಬಹುದು. ಅದು ಹಿಂದಿನ ಒತ್ತಡವನ್ನು ಕಡಿಮೆ ಮಾಡಬಲ್ಲದು ಅಷ್ಟೇ, ಹೆಚ್ಚಿಸಲಾರದು. ಮುಂದಿನ ಲೈನ್‌ಗೆ ಎಂದೂ ಹಾಕಬೇಡಿ. ಹಿಂದೆ ಪೂರ್ತಿ ಕಡಿಮೆ ಇರುವಂತೆ ಶುರು ಮಾಡಿ, ಯಾರೂ ಇಲ್ಲದ ವಿಶಾಲ ಜಾಗದಲ್ಲಿ ನಿಧಾನ ವೇಗದಿಂದ ಪರೀಕ್ಷಿಸುತ್ತಾ ಸ್ವಲ್ಪ ಸ್ವಲ್ಪ ಹೆಚ್ಚಿಸಿ, ಮುಂದಿನದೇ ಇನ್ನೂ ಮೊದಲು ಲಾಕ್ ಆಗುತ್ತಿರುವಾಗಲೇ ನಿಲ್ಲಿಸಿ. ಆಮೇಲೆ ಪ್ಯಾಡ್ ಬದಲಾಯಿಸಿದರೆ ಮತ್ತೆ ನೋಡಬೇಕು. ಮುಂದೆ ಕಡಿಮೆ ಹಿಡಿಯುವ ಪ್ಯಾಡ್ ಹಾಕಿದರೂ ಬ್ಯಾಲೆನ್ಸ್ ಹಿಂದಕ್ಕೆ ಹೋಗುತ್ತದೆ.

ಬ್ರೇಕ್ ಹಿಡಿದಾಗ ಸ್ಟೀರಿಂಗ್ ನಡುಗುತ್ತೆ. ಡಿಸ್ಕ್ ಬೆಂಡ್ ಆಗಿದೆಯಾ?

ಡಿಸ್ಕ್ ನಿಜವಾಗಿ ಬಾಗುವುದು ಅಪರೂಪ. ಡಿಸ್ಕ್ ಕೂರುವ ಹಬ್‌ನ ಮುಖದ ಮೇಲೆ ತುಕ್ಕಿನ ಒಂದು ಚೂರು ಉಳಿದರೆ ಡಿಸ್ಕ್ ಓರೆಯಾಗಿ ಕೂರುತ್ತದೆ. ಪ್ರತಿ ಸುತ್ತಿಗೂ ಪ್ಯಾಡ್ ಒಂದೇ ಜಾಗದಲ್ಲಿ ಉಜ್ಜಿ ಅಲ್ಲಿ ದಪ್ಪ ಬದಲಾಗುತ್ತದೆ. ಈ ವ್ಯತ್ಯಾಸ 0.02 ಮಿ.ಮೀ. ಆದರೂ ಕೈಗೆ ಗೊತ್ತಾಗುತ್ತದೆ. ಡಿಸ್ಕ್ ತೆಗೆದು ಹಬ್ ಮುಖವನ್ನು ಹೊಳೆಯುವಂತೆ ಉಜ್ಜಿ, ಮತ್ತೆ ಕೂರಿಸಿ ಡಯಲ್ ಗೇಜ್ ಇಟ್ಟು ನೋಡಿ. ಓಲಾಟ 0.1 ಮಿ.ಮೀ. ದಾಟಬಾರದು. ಲೇತ್‌ನಲ್ಲಿ ಸ್ಕಿಮ್ ಮಾಡಿಸುವ ಮುಂಚೆ ಡಿಸ್ಕ್ ಮೇಲೆ ಅಚ್ಚಾಗಿರುವ ಕನಿಷ್ಠ ದಪ್ಪ ನೋಡಿಕೊಳ್ಳಿ, ಅದಕ್ಕಿಂತ ಕೆಳಗೆ ಹೋದರೆ ಎಸೆಯಬೇಕು. ಹಳೆ ಕಾರಿನಲ್ಲಿ ವೀಲ್ ಬೇರಿಂಗ್ ಸಡಿಲವಾಗಿದ್ದರೂ ಇದೇ ನಡುಕ ಬರುತ್ತದೆ.

ಹಳೆ ಕಾರಿಗೆ ಎಬಿಎಸ್ ಕೂರಿಸಬಹುದಾ?

ವಾಸ್ತವದಲ್ಲಿ ಬೇಡ. 1978ರಲ್ಲಿ ಬಾಷ್ ಕಂಪನಿಯ ಎಬಿಎಸ್ ಮರ್ಸಿಡಿಸ್ ಎಸ್-ಕ್ಲಾಸ್‌ನಲ್ಲಿ ಬಂತು, ಅಂದಿನಿಂದಲೂ ಅದನ್ನು ಪ್ರತಿ ಮಾದರಿಯ ತೂಕ, ಟಯರ್, ಸಸ್ಪೆನ್ಷನ್‌ಗೆ ಹೊಂದಿಸಿಯೇ ಮಾಡುತ್ತಾರೆ. ಒಂದು ಕಾರಿನ ಬಾಕ್ಸ್ ಕಿತ್ತು ಇನ್ನೊಂದಕ್ಕೆ ಹಾಕಿದರೆ ತಪ್ಪು ಹೊತ್ತಿನಲ್ಲಿ ಒತ್ತಡ ಬಿಟ್ಟುಬಿಡಬಹುದು.

ಇದನ್ನೆಲ್ಲ ನಾನೇ ಮನೇಲಿ ಮಾಡಬಹುದಾ?

ಪ್ಯಾಡ್, ಶೂ, ಆಯಿಲ್ ಬದಲಾವಣೆ ಕಲಿತು ಮಾಡಬಹುದು. ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಇಡಿ. ಬ್ರಾಕೆಟ್, ಮಾಸ್ಟರ್ ಅಳತೆ, ಎರಡು ಲೈನ್ ಮಾಡುವುದು ಅನುಭವಸ್ಥರ ಕೆಲಸ. ಬ್ರೇಕ್ ಮಾರ್ಪಾಡಿಗೆ ನಿಮ್ಮಲ್ಲಿನ ಕಾನೂನು ಏನು ಹೇಳುತ್ತದೆ ಅಂತ ಮೊದಲೇ ವಿಚಾರಿಸಿ, ವಿಮಾ ಕಂಪನಿಗೂ ಬರೆದು ತಿಳಿಸಿ.

ಕೆಲಸ ಮುಗೀತು. ಈಗ ರಸ್ತೆಗೆ ಇಳಿಯಬಹುದಾ?

ಇನ್ನೂ ಇಲ್ಲ. ಎಂಜಿನ್ ಸ್ಟಾರ್ಟ್ ಮಾಡಿ, ನಿಂತಲ್ಲೇ ಪೆಡಲನ್ನು ಪೂರ್ತಿ ಬಲದಿಂದ ಒಂದು ನಿಮಿಷ ಒತ್ತಿ ಹಿಡಿಯಿರಿ. ಇಳಿಯಬಾರದು. ಇನ್ನೊಬ್ಬರು ಕೆಳಗೆ ಟಾರ್ಚ್ ಹಿಡಿದು ಪ್ರತಿ ಯೂನಿಯನ್, ಪ್ರತಿ ಹೋಸ್ ತುದಿ ನೋಡಲಿ, ಒಣ ಕಾಗದ ಒತ್ತಿದರೆ ಸಣ್ಣ ಸೋರಿಕೆಯೂ ಗೊತ್ತಾಗುತ್ತದೆ. ಒಂದೊಂದು ಚಕ್ರವನ್ನೂ ಎತ್ತಿ ಕೈಯಲ್ಲಿ ತಿರುಗಿಸಿ, ಬ್ರೇಕ್ ಹಿಡಿದು ಬಿಟ್ಟ ಮೇಲೆ ಮತ್ತೆ ತಿರುಗಿಸಿ. ಆಮೇಲೆ ನಡಿಗೆಯ ವೇಗದಲ್ಲಿ, ಹ್ಯಾಂಡ್ ಬ್ರೇಕ್ ಮೇಲೆ ಕೈಯಿಟ್ಟುಕೊಂಡು ಮೊದಲ ಬ್ರೇಕ್. ನಂತರ 20, 40, 60. ಪ್ರತಿ ಹಂತದಲ್ಲೂ ಎಡ ಬಲ ಚಕ್ರಗಳ ಬಿಸಿ ಹೋಲಿಸಿ, ಡಿಸ್ಕ್ ಮುಟ್ಟದೆ ಹತ್ತಿರ ಕೈ ಹಿಡಿದರೆ ಸಾಕು. ಮೊದಲ 100 ಕಿ.ಮೀ. ಓಡಿದ ಮೇಲೆ ಕ್ಯಾಲಿಪರ್ ಬೋಲ್ಟ್, ವೀಲ್ ನಟ್, ಆಯಿಲ್ ಮಟ್ಟ, ಡ್ರಮ್ ಅಡ್ಜಸ್ಟ್‌ಮೆಂಟ್ ಎಲ್ಲ ಮತ್ತೊಮ್ಮೆ ನೋಡಿ, ವೀಲ್ ನಟ್‌ಗಳನ್ನು ಟಾರ್ಕ್ ವ್ರೆಂಚ್‌ನಲ್ಲೇ ಬಿಗಿ ಮಾಡಿ.